ಪ್ರಿಂಟರ್ ಜಾಗ ಬದಲಿಸಿದರೆ ಐದು ನಿಮಿಷ ಮುನಿಸು: ತಪ್ಪು ಯಾರದು?

ಗಲ್ಲಾಪೆಟ್ಟಿಗೆ, ಚೆಂಬೂರು

ಎಲ್ಲರಿಗೂ ನಮಸ್ಕಾರ. ನಾನು ನೆಟ್‌ವರ್ಕ್ ಕಲಿತವನಲ್ಲ. ಮಾವನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತೇನೆ. ಕಂಪ್ಯೂಟರ್ ಮುಟ್ಟಲು ಹೆದರದವನು ನಾನೊಬ್ಬನೇ, ಹಾಗಾಗಿ ವೈರು, ಕ್ಯಾಮೆರಾ, ವೈಫೈ ಎಲ್ಲ ನನ್ನ ತಲೆಗೇ ಕಟ್ಟಿದ್ದಾರೆ.

ಗಲ್ಲಾದ ಕೆಳಗೆ ಎಂಟು ಪೋರ್ಟಿನ ಒಂದು ಸ್ವಿಚ್ ಇದೆ, ದೀಪದ ಸ್ವಿಚ್ಚಲ್ಲ, ನೆಟ್‌ವರ್ಕ್ ವೈರುಗಳನ್ನು ಕೂಡಿಸುವ ಪೆಟ್ಟಿಗೆ. ಅದಕ್ಕೆ ಬಿಲ್ಲಿಂಗ್ ಕಂಪ್ಯೂಟರ್, ರೌಟರ್, ಕ್ಯಾಮೆರಾದ ಡಬ್ಬಿ. ಅಲ್ಲಿಂದ ಒಂದು ವೈರು ಅಡುಗೆಮನೆಗೆ ಹೋಗುತ್ತದೆ, ಇನ್ನೊಂದು ಮೇಲಿನ ಎಸಿ ರೂಮಿಗೆ. ಆ ಎರಡೂ ಕಡೆ ಐದು ಪೋರ್ಟಿನ ಪುಟ್ಟ ಸ್ವಿಚ್ಚುಗಳು. ಆರ್ಡರ್ ಚೀಟಿ, ನಮ್ಮ ಭಾಷೆಯಲ್ಲಿ ಕೆಒಟಿ, ಅಡುಗೆಮನೆಯ ಪ್ರಿಂಟರಿನಲ್ಲಿ ಬರುತ್ತದೆ.

ಈ ಮಳೆಗೆ ಅಡುಗೆಮನೆಯ ಮೂಲೆ ಸೋರಲು ಶುರುವಾಯಿತು. ಶನಿವಾರ ರಾತ್ರಿ ಸರಿಯಾಗಿ ಜನ ತುಂಬಿದಾಗಲೇ ಪ್ರಿಂಟರ್ ಮೇಲೆ ನೀರು ತೊಟ್ಟಿಕ್ಕುವುದು ಕಂಡಿತು. ಅದನ್ನು ಎತ್ತಿಕೊಂಡು ಹೋಗಿ ಎಸಿ ರೂಮಿನ ಪಕ್ಕದ ಕಟ್ಟೆಯ ಮೇಲಿಟ್ಟು, ಅಲ್ಲಿನ ಸ್ವಿಚ್ಚಿಗೆ ಚುಚ್ಚಿದೆ. ದೀಪ ಬಂತು. ಗುಂಡಿ ಒತ್ತಿದರೆ ಟೆಸ್ಟ್ ಚೀಟಿ ಬಂತು, ಐಪಿ ನಂಬರೂ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಸರಿ ಇತ್ತು. ಆದರೆ ಗಲ್ಲಾದಿಂದ ಆರ್ಡರ್ ಕೊಟ್ಟರೆ ಉಹುಂ. ವೈರು ಬದಲಿಸಿದೆ, ಪೋರ್ಟು ಬದಲಿಸಿದೆ, ಭಟ್ಟರ ಬೈಗುಳ ತಿಂದೆ. ಹತ್ತಿರ ಹತ್ತಿರ ಐದು ನಿಮಿಷ ಆದ ಮೇಲೆ ತಾನಾಗಿಯೇ ಗರ್ ಗರ್ ಅಂತ ಚೀಟಿ ಉಗುಳಲು ಶುರು ಮಾಡಿತು.

ಸೋರಿಕೆ ಸರಿ ಮಾಡಿಸಿ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಪ್ರಿಂಟರನ್ನು ವಾಪಸ್ ಅಡುಗೆಮನೆಗೆ ತಂದೆ. ಆಗ ಏನೂ ತೊಂದರೆ ಇಲ್ಲ! ಮೊದಲ ಚೀಟಿಯೇ ಬಂತು. ಗುರುವಾರ ಮತ್ತೆ ಸೋರಿತು (ಮೇಸ್ತ್ರಿಯ ಬಗ್ಗೆ ಇಲ್ಲಿ ಬರೆಯುವುದಿಲ್ಲ). ಬೆಳಗ್ಗೆ ತಿಂಡಿ ಹೊತ್ತಿನಲ್ಲಿ ಮತ್ತೆ ಮೇಲೆ ಒಯ್ದೆ. ಮತ್ತೆ ಮುನಿಸು. ಸಿಟ್ಟಿಗೆ ಗಲ್ಲಾದ ಸ್ವಿಚ್ಚಿನ ಪಿನ್ ಕಿತ್ತು ಮತ್ತೆ ಹಾಕಿದೆ. ತಕ್ಷಣ ಸರಿಯಾಯಿತು.

ಒಂದು ಸಲ ಐದು ನಿಮಿಷ, ಒಂದು ಸಲ ತಕ್ಷಣ, ಒಂದು ಸಲ ಸ್ವಿಚ್ ಆರಿಸಿದರೆ ಮಾತ್ರ. ಇದು ಯಾವ ಲೆಕ್ಕ ಮಾರಾಯ್ರೆ?

ಠಾಣೆ ಠಾಣೆ

ಸ್ವಿಚ್ ಹಾಳಾಗಿದೆ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹೊಸದು ತನ್ನಿ, ಕಥೆ ಮುಗೀತು.

ಡೊಂಬಿವಲಿ ಸ್ಲೋ

ಸ್ವಲ್ಪ ತಡೀರಿ, ಹೊಸದು ತಂದರೂ ಇದೇ ಕಥೆ. ಸ್ವಿಚ್ ಹಾಳಾಗಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿದೆ. ಲೋಕಲ್ ರೈಲಿನಲ್ಲಿ ಕೂತು ಟೈಪ್ ಮಾಡುತ್ತಿದ್ದೇನೆ, ಇವತ್ತು ಸೀಟು ಸಿಕ್ಕಿದೆ, ಹಾಗಾಗಿ ಉದ್ದ ಬರೆಯುತ್ತೇನೆ.

ಮೊದಲು ಒಂದು ವಿಷಯ. ನಿಮ್ಮ ಸ್ವಿಚ್ಚಿಗೆ ಐಪಿ ನಂಬರ್ ಬೇಕಾಗಿಲ್ಲ. ಅದು ನೋಡುವುದು ಮ್ಯಾಕ್ ವಿಳಾಸ. ಪ್ರತಿ ಯಂತ್ರದ ನೆಟ್‌ವರ್ಕ್ ಪೋರ್ಟಿಗೂ ಇರುವ 48 ಬಿಟ್‌ನ ನಂಬರ್ ಅದು. ಸಾಮಾನ್ಯವಾಗಿ ಮೊದಲ 24 ಬಿಟ್ ತಯಾರಿಸಿದ ಕಂಪನಿಗೆ ಐಇಇಇ ಅನ್ನುವ ಮಾನದಂಡ ಸಂಸ್ಥೆ ಕೊಟ್ಟ ಗುರುತು, ಉಳಿದ 24 ಕಂಪನಿ ತಾನೇ ಹಾಕುವ ನಂಬರ್. ವೈರಿನ ಮೇಲೆ ಮಾಹಿತಿ ಫ್ರೇಮ್ ಅನ್ನುವ ಸಣ್ಣ ಕಟ್ಟುಗಳಾಗಿ ಓಡುತ್ತದೆ, ಪ್ರತಿ ಫ್ರೇಮಿನ ತಲೆಯಲ್ಲಿ ಮೊದಲ 6 ಬೈಟು ‘ಯಾರಿಗೆ’, ಅದರ ಮುಂದಿನ 6 ಬೈಟು ‘ಯಾರಿಂದ’.

ನಿಮ್ಮ ಸೊಸೈಟಿಗೆ ಹೊಸ ವಾಚ್‌ಮನ್ ಬಂದ ಅಂತ ಇಟ್ಟುಕೊಳ್ಳಿ. ಅವನ ಕೈಯಲ್ಲಿ ಪಟ್ಟಿ ಇಲ್ಲ. ಯಾರನ್ನೂ ‘ನೀವು ಯಾವ ವಿಂಗು’ ಅಂತ ಕೇಳುವವನೂ ಅಲ್ಲ. ಸುಮ್ನೆ ನೋಡುತ್ತಾನೆ. ಬಿ ವಿಂಗ್ ಬಾಗಿಲಿನಿಂದ ಒಬ್ಬರು ಬಂದು ಇನ್ಯಾರಿಗೋ ಒಂದು ಕವರ್ ಕೊಟ್ಟರೆ, ಕವರಿನ ಹಿಂದೆ ಬರೆದ ಕಳಿಸಿದವರ ಹೆಸರು ಓದಿ ‘ಇವರು ಬಿ ವಿಂಗ್’ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಆಮೇಲೆ ಕವರಿನ ಮುಂದೆ ಇರುವ ಹೆಸರು ನೋಡುತ್ತಾನೆ. ಆ ಹೆಸರು ಪುಸ್ತಕದಲ್ಲಿದ್ದರೆ ಆ ವಿಂಗಿಗೆ ಮಾತ್ರ ಒಯ್ಯುತ್ತಾನೆ. ಇಲ್ಲದಿದ್ದರೆ ಕವರಿನ ಜೆರಾಕ್ಸ್ ಮಾಡಿಸಿ, ಬಂದ ವಿಂಗೊಂದನ್ನು ಬಿಟ್ಟು, ಉಳಿದ ಎಲ್ಲ ವಿಂಗಿಗೂ ಒಂದೊಂದು ಹಾಕುತ್ತಾನೆ. ತನ್ನದಲ್ಲದವರು ಎಸೆಯುತ್ತಾರೆ. ಇದಕ್ಕೆ ಫ್ಲಡ್ಡಿಂಗ್ ಅನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಸ್ವಿಚ್ ಕಲಿಯುವುದು ‘ಯಾರಿಂದ’ ನೋಡಿ, ಕಳಿಸುವುದು ‘ಯಾರಿಗೆ’ ನೋಡಿ. ನಿಮ್ಮ ಹೆಸರಿಗೆ ದಿನಕ್ಕೆ ಸಾವಿರ ಕವರ್ ಬಂದರೂ ವಾಚ್‌ಮನ್‌ಗೆ ನಿಮ್ಮ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ನೀವಾಗಿ ಒಂದು ಕವರ್ ಕಳಿಸಬೇಕು.

ಇನ್ನೊಂದು, ಅವನಿಗೆ ಮರೆವು. ಮರೆವು ಅಂದರೆ ಬೇಕಂತಲೇ ಇಟ್ಟದ್ದು. ಒಬ್ಬರಿಂದ 300 ಸೆಕೆಂಡು ಏನೂ ಬರದಿದ್ದರೆ ಆ ಸಾಲನ್ನು ಹೊಡೆದು ಹಾಕುತ್ತಾನೆ. ಜಾಸ್ತಿ ಸ್ವಿಚ್ಚುಗಳಲ್ಲಿ ಈ 300 ಸೆಕೆಂಡೇ ಮೊದಲಿನಿಂದ ಬರುವ ಲೆಕ್ಕ. ಐದು ನಿಮಿಷ!

ಈಗ ನಿಮ್ಮ ಶನಿವಾರ. ಪ್ರಿಂಟರ್ ಅಡುಗೆಮನೆಯಲ್ಲಿದ್ದಾಗ ಗಲ್ಲಾದ ಸ್ವಿಚ್ ‘ಪ್ರಿಂಟರ್ = ಅಡುಗೆಮನೆ ವೈರು’ ಅಂತ ಬರೆದುಕೊಂಡಿದೆ. ನೀವು ಪ್ರಿಂಟರ್ ಕಿತ್ತಾಗ ಅಡುಗೆಮನೆಯ ಪುಟ್ಟ ಸ್ವಿಚ್ಚಿಗೆ ಗೊತ್ತಾಯಿತು, ಅದರ ಪೋರ್ಟಿನ ದೀಪ ಆರಿತಲ್ಲ. ಆದರೆ ಗಲ್ಲಾದ ಸ್ವಿಚ್ಚಿಗೆ ಏನು ಕಂಡಿತು? ಏನೂ ಇಲ್ಲ. ಅದರಿಂದ ಅಡುಗೆಮನೆಗೆ ಹೋಗುವ ವೈರು ಹಾಗೇ ಇದೆ, ದೀಪ ಹಾಗೇ ಇದೆ. ಅದು ಚೀಟಿಯ ಫ್ರೇಮುಗಳನ್ನು ನಿಷ್ಠೆಯಿಂದ ಅಡುಗೆಮನೆಗೇ ಕಳಿಸುತ್ತಾ ಕೂತಿತು. ಅಲ್ಲಿ ಪ್ರಿಂಟರ್ ಇಲ್ಲ. ಅಡುಗೆಮನೆಯ ಸ್ವಿಚ್ ಬಂದ ವೈರಿಗೇ ಅದನ್ನು ವಾಪಸ್ ಕಳಿಸುವುದೂ ಇಲ್ಲ. ಫ್ರೇಮ್ ಅಲ್ಲೇ ಸತ್ತಿತು. ಇತ್ತ ಪ್ರಿಂಟರ್ ಮೇಲೆ ಸುಮ್ಮನೆ ಕೂತಿದೆ, ಯಾರೂ ಮಾತಾಡಿಸದೆ ತಾನಾಗಿ ಮಾತಾಡುವ ಜಾತಿ ಅಲ್ಲ ಅದು. ಐದು ನಿಮಿಷ ಕಳೆದು ಸಾಲು ಅಳಿಸಿತು, ಮುಂದಿನ ಫ್ರೇಮ್ ಎಲ್ಲ ಕಡೆ ಹೋಯಿತು, ಪ್ರಿಂಟರ್ ಉತ್ತರ ಕೊಟ್ಟಿತು, ಸ್ವಿಚ್ ಹೊಸದಾಗಿ ಕಲಿತಿತು.

ಮಂಗಳವಾರ ಮೂರೂವರೆಗೆ ಹೋಟೆಲ್ ಖಾಲಿ ಅಲ್ವಾ? ನೀವು ಕೀಳುವ ಮೊದಲೇ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೂ ಆರ್ಡರ್ ಹೋಗಿರಲಿಕ್ಕಿಲ್ಲ. ಸಾಲು ಮೊದಲೇ ಅಳಿಸಿತ್ತು. ಐದು ನಿಮಿಷ ಎಣಿಸಬೇಕಾದ್ದು ನೀವು ಕಿತ್ತ ಹೊತ್ತಿನಿಂದ ಅಲ್ಲ, ಪ್ರಿಂಟರ್ ಕೊನೆಯ ಸಲ ಬಾಯಿಬಿಟ್ಟ ಹೊತ್ತಿನಿಂದ. ಗುರುವಾರ ನೀವು ಸ್ವಿಚ್ ಆರಿಸಿದಿರಿ, ವಾಚ್‌ಮನ್‌ನ ಪುಸ್ತಕವೇ ಖಾಲಿ ಆಯಿತು. ಆ ಪುಸ್ತಕ ಇರುವುದು ಮೆಮರಿಯಲ್ಲಿ, ಕರೆಂಟು ಹೋದರೆ ಅದೂ ಹೋಯಿತು.

ಡೊಂಬಿವಲಿ ಬಂತು, ಇಳಿಯುತ್ತೇನೆ.

ಗಲ್ಲಾಪೆಟ್ಟಿಗೆ

ಅಣ್ಣಾ, ಮಂಗಳವಾರದ್ದು ಹೇಗೆ ಹಿಡಿದಿರಿ! ಬಿಲ್ಲಿಂಗಿನಲ್ಲಿ ನೋಡಿದೆ. ಆವತ್ತು 3.10ಕ್ಕೆ ಎರಡು ಚಹಾ, ಆಮೇಲೆ 3.40ರವರೆಗೆ ಏನೂ ಇಲ್ಲ. ಸರಿಯಾಗಿ ಹೊಂದುತ್ತದೆ.

ಸುಮ್ನೆ ಓದುವವಳು

ನಾನು ಪುಣೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ. ಇಲ್ಲಿ ಬರೆಯುವುದು ಇದೇ ಮೊದಲು. ಡೊಂಬಿವಲಿ ಸರ್, ವಿವರಣೆ ಚೆನ್ನಾಗಿದೆ, ಆದರೆ ನನಗೆ ಒಂದು ಕಡೆ ಸಿಕ್ಕಿಬೀಳುತ್ತಿದೆ.

ಕಂಪ್ಯೂಟರಿಗೆ ಗೊತ್ತಿರುವುದು ಪ್ರಿಂಟರಿನ ಐಪಿ. ಮ್ಯಾಕ್ ಬೇಕು ಅಂದರೆ ಅದು ಆರ್ಪ್ ಮೂಲಕ ‘ಈ ಐಪಿ ಯಾರದು’ ಅಂತ ಕೂಗುತ್ತದೆ. ಆ ಕೂಗಿನ ವಿಳಾಸದಲ್ಲಿ 48 ಬಿಟ್ಟೂ 1. ಅಂಥದ್ದನ್ನು ಸ್ವಿಚ್ ಎಲ್ಲ ಕಡೆಗೂ ಕಳಿಸಲೇಬೇಕು, ಪಟ್ಟಿಯಲ್ಲಿ ಏನೇ ಇರಲಿ. ಅಂದರೆ ಅದು ಮೇಲಿನ ಪ್ರಿಂಟರಿಗೂ ಮುಟ್ಟಬೇಕು. ಪ್ರಿಂಟರ್ ಉತ್ತರ ಕೊಟ್ಟರೆ ಗಲ್ಲಾದ ಸ್ವಿಚ್ ಆಗಲೇ ‘ಪ್ರಿಂಟರ್ = ಎಸಿ ರೂಮ್’ ಅಂತ ತಿದ್ದಿಕೊಳ್ಳಬೇಕಲ್ಲ? ವಿಂಡೋಸ್ ಆರ್ಪ್ ಉತ್ತರವನ್ನು ನಂಬಿ ಕೂರುವುದು 15ರಿಂದ 45 ಸೆಕೆಂಡು ಅಂತ ಓದಿದ್ದೇನೆ. ಹಾಗಿದ್ದ ಮೇಲೆ ಒಂದು ನಿಮಿಷದೊಳಗೆ ಸರಿಯಾಗಬೇಕಿತ್ತು. ಐದು ನಿಮಿಷ ಯಾಕೆ?

ತಪ್ಪಿದ್ದರೆ ತಿದ್ದಿ.

ಡೊಂಬಿವಲಿ ಸ್ಲೋ

ತಪ್ಪಿಲ್ಲಮ್ಮ. ತಪ್ಪು ನನ್ನದು. ಐದು ನಿಮಿಷ ಅಂದ ಕೂಡಲೇ 300 ಸೆಕೆಂಡು ನೆನಪಾಗಿ ಓಡಿಬಿಟ್ಟೆ, ಆರ್ಪ್ ಕಡೆ ನೋಡಲೇ ಇಲ್ಲ. ನೀವು ಹೇಳಿದ್ದು ಸರಿ. ಮಾಮೂಲಿ ಕಂಪ್ಯೂಟರ್ ಉತ್ತರ ಬರದಿದ್ದರೆ ಹಳೆಯ ಮ್ಯಾಕಿಗೇ ಒಂದೆರಡು ಸಲ ಮೆಲ್ಲಗೆ ಕೇಳಿ, ಆಮೇಲೆ ಊರಿಗೆಲ್ಲ ಕೂಗುತ್ತದೆ. ಕೂಗಿದರೆ ಪ್ರಿಂಟರ್ ಉತ್ತರಿಸುತ್ತದೆ, ಉತ್ತರಿಸಿದರೆ ಸ್ವಿಚ್ ಕಲಿಯುತ್ತದೆ.

ಹಾಗಾದರೆ ಈ ಕಂಪ್ಯೂಟರ್ ಕೂಗುತ್ತಿಲ್ಲ. ಯಾಕೆ ಕೂಗುತ್ತಿಲ್ಲ? ಗಲ್ಲಾಪೆಟ್ಟಿಗೆಯವರೇ, ಕಪ್ಪು ಪರದೆ (ಕಮಾಂಡ್ ಪ್ರಾಂಪ್ಟ್) ತೆರೆದು ಆರ್ಪ್ ಪಟ್ಟಿ ತೆಗೆಯಿರಿ. ಪ್ರಿಂಟರಿನ ಐಪಿ ಎದುರು ಡೈನಾಮಿಕ್ (ಕೂಗಿ ಕೇಳಿ ಕಲಿತದ್ದು) ಅಂತ ಇದೆಯೋ ಸ್ಟಾಟಿಕ್ (ಯಾರೋ ಕೈಯಲ್ಲಿ ಬರೆದಿಟ್ಟದ್ದು) ಅಂತ ಇದೆಯೋ ನೋಡಿ ಹೇಳಿ.

ಮಡಗಾಂವ್ ಮಳೆ

ಒಂದು ಕೆಲಸ ಮಾಡಿ, ಕಂಪ್ಯೂಟರಿನಿಂದ ಪ್ರಿಂಟರಿಗೆ ಬಿಡದೆ ಪಿಂಗ್ (‘ಇದ್ದೀಯಾ’ ಅಂತ ಕೇಳುವ ಸಣ್ಣ ಸಂದೇಶ) ಹಾಕಿ ಇಡಿ. ಆಗ ಸ್ವಿಚ್ ಎಚ್ಚರವಾಗಿರುತ್ತದೆ. ನಮ್ಮ ರೆಸಾರ್ಟಿನಲ್ಲಿ ನಾನು ಹಾಗೇ ಮಾಡಿದ್ದೇನೆ.

ಡೊಂಬಿವಲಿ ಸ್ಲೋ

ಮಳೆಯವರೇ, ಇಲ್ಲಿ ಅದು ಇನ್ನೂ ಕೆಡಿಸುತ್ತದೆ. ಪ್ರಿಂಟರ್ ಹಳೇ ಜಾಗದಲ್ಲಿ ಇರುವಷ್ಟು ಹೊತ್ತು ಪಿಂಗಿಗೆ ಉತ್ತರ ಕೊಡುತ್ತಾ ಇರುತ್ತದೆ, ಹಾಗಾಗಿ ಹಳೇ ಸಾಲು ತಾಜಾ ಆಗಿಯೇ ಇರುತ್ತದೆ. ಕಿತ್ತ ಮೇಲೆ ಪಿಂಗ್ ಹೋಗುವುದು ಹಳೇ ವೈರಿಗೇ. ಹೋಗುವ ಫ್ರೇಮಿನಿಂದ ಸ್ವಿಚ್ ಪ್ರಿಂಟರಿನ ಬಗ್ಗೆ ಏನೂ ಕಲಿಯುವುದಿಲ್ಲ ಅಂದೆನಲ್ಲ. ಖಾಲಿ ಹೊತ್ತಿನಲ್ಲಿ ಸ್ಥಳ ಬದಲಿಸಿದರೂ ಪೂರ್ತಿ ಐದು ನಿಮಿಷ ಕಾಯಬೇಕಾಗುತ್ತದೆ. ಪಿಂಗ್ ಹಾಕುವುದಿದ್ದರೆ ಪ್ರಿಂಟರಿನಿಂದ ಹೊರಗೆ ಹಾಕಬೇಕು. ಅದಕ್ಕೆ ಪ್ರಿಂಟರ್ ಒಪ್ಪುವುದಿಲ್ಲ.

ಮಡಗಾಂವ್ ಮಳೆ

ಹೌದಲ್ಲ! ನಮ್ಮಲ್ಲಿ ಯಂತ್ರಗಳು ಜಾಗ ಬಿಟ್ಟು ಕದಲುವುದಿಲ್ಲ, ಹಾಗಾಗಿ ನನಗೆ ಬಿಸಿ ತಟ್ಟಿಲ್ಲ.

ಗಲ್ಲಾಪೆಟ್ಟಿಗೆ

ಸ್ಟಾಟಿಕ್ ಅಂತಲೇ ಇದೆ! ಉಳಿದ ಸಾಲುಗಳಲ್ಲಿ ಜಾಸ್ತಿ ಡೈನಾಮಿಕ್.

ಹುಡುಕಿದಾಗ ಸಿಕ್ಕಿತು. ಕಂಪ್ಯೂಟರ್ ಶುರುವಾದಾಗ ಓಡುವ ಒಂದು ಸಣ್ಣ ಬ್ಯಾಚ್ ಫೈಲ್ ಇದೆ, ಅದರಲ್ಲಿ ಪ್ರಿಂಟರಿನ ಐಪಿ ಮತ್ತು ಮ್ಯಾಕ್ ಕೂಡಿಸಿ ಬರೆದಿದ್ದಾರೆ. ಎರಡು ವರ್ಷದ ಹಿಂದೆ ಬಿಲ್ಲಿಂಗ್ ಹಾಕಿಕೊಟ್ಟ ಹುಡುಗ ಮಾಡಿದ್ದು. ಆಗ ಯಾರೋ ಗಿರಾಕಿಯ ಮೊಬೈಲಿಗೆ ರೌಟರ್ ಪ್ರಿಂಟರಿನ ಐಪಿಯನ್ನೇ ಹಂಚಿ ಚೀಟಿ ನಿಂತಿತ್ತು. ‘ಇನ್ನು ಯಾವತ್ತೂ ತೊಂದರೆ ಬರಲ್ಲ, ಪಕ್ಕಾ ಮಾಡಿದ್ದೇನೆ’ ಅಂತ ಹೇಳಿ ಪಾರ್ಸೆಲ್ ಮಸಾಲೆದೋಸೆ ತಗೊಂಡು ಹೋದ.

ಡೊಂಬಿವಲಿ ಸ್ಲೋ

ಪಕ್ಕಾನೇ ಮಾಡಿದ್ದಾನೆ, ಅದೇ ತೊಂದರೆ. ಮ್ಯಾಕ್ ಗೊತ್ತಿದೆ ಅಂತ ಕಂಪ್ಯೂಟರ್ ಇನ್ನು ಯಾವತ್ತೂ ಕೇಳುವುದಿಲ್ಲ. ಕೇಳದಿದ್ದರೆ ಪ್ರಿಂಟರ್ ಉತ್ತರಿಸುವ ಪ್ರಸಂಗವೇ ಬರುವುದಿಲ್ಲ. ಎಷ್ಟೋ ಯಂತ್ರಗಳು ವೈರು ಚುಚ್ಚಿದ ಕೂಡಲೇ ‘ನಾನು ಬಂದೆ’ ಅಂತ ತಾವಾಗಿಯೇ ಒಂದು ಆರ್ಪ್ ಕೂಗುತ್ತವೆ, ಅಥವಾ ಐಪಿ ಕೊಡಿ ಅಂತ ರೌಟರನ್ನು ಕೇಳುತ್ತವೆ. ಯಾವುದೋ ಒಂದು ಮಾತು ಹೊರಟರೆ ಸಾಕು, ದಾರಿಯಲ್ಲಿರುವ ಸ್ವಿಚ್ಚೆಲ್ಲ ಕಲಿತುಬಿಡುತ್ತವೆ. ನಿಮ್ಮ ಪ್ರಿಂಟರಿಗೆ ಐಪಿಯನ್ನು ಕೈಯಲ್ಲೇ ಹಾಕಿದ್ದಾರೆ, ರೌಟರನ್ನು ಕೇಳುವ ಕೆಲಸ ಇಲ್ಲ. 9100 ಪೋರ್ಟಿಗೆ (ಇದು ವೈರಿನ ತೂತಲ್ಲ, ಪ್ರಿಂಟರ್ ಕೆಲಸ ತೆಗೆದುಕೊಳ್ಳುವ ಬಾಗಿಲಿನ ನಂಬರ್) ಯಾರಾದರೂ ಬಂದರೆ ಚೀಟಿ ಹೊಡೆಯುತ್ತದೆ, ಇಲ್ಲದಿದ್ದರೆ ಮೌನ.

ಸುಮ್ನೆ ಓದುವವಳು ಅವರೇ, ನಿಮ್ಮ ಪ್ರಶ್ನೆ ಇಲ್ಲದಿದ್ದರೆ ಇದು ಹೊರಗೆ ಬರುತ್ತಿರಲಿಲ್ಲ. ಹೆಸರು ಬದಲಿಸಿಕೊಳ್ಳಿ.

ಠಾಣೆ ಠಾಣೆ

ಸರಿ ಸರಿ, ಲ್ಯಾಮಿಂಗ್ಟನ್ ರೋಡ್ ವಾಪಸ್ ತಗೊಂಡೆ. ಒಂದು ಪೆದ್ದ ಪ್ರಶ್ನೆ. ಸ್ವಿಚ್ಚಿಗೆ ಮರೆವು ಯಾಕೆ ಬೇಕು? ಸಾಲನ್ನು ಅಳಿಸದೆ ಇಟ್ಟುಕೊಂಡರೆ ಏನು ನಷ್ಟ?

ಡೊಂಬಿವಲಿ ಸ್ಲೋ

ಪೆದ್ದ ಪ್ರಶ್ನೆ ಅಲ್ಲ. ಮರೆಯದ ಸ್ವಿಚ್ ಇದ್ದಿದ್ದರೆ ಇವರ ಚೀಟಿ ಐದು ನಿಮಿಷ ಅಲ್ಲ, ಪಿನ್ ಕೀಳುವವರೆಗೂ ಬರುತ್ತಿರಲಿಲ್ಲ. ಇನ್ನೊಂದು, ಪುಸ್ತಕದ ಹಾಳೆ ಲೆಕ್ಕದ್ದು. ಮನೆ, ಅಂಗಡಿಗೆ ಬರುವ ಸಣ್ಣ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ 2 ಸಾವಿರದಿಂದ 8 ಸಾವಿರ ಸಾಲು ಹಿಡಿಯುತ್ತದೆ. ತುಂಬಿ ಹೋದರೆ ಹೊಸಬರನ್ನು ಬರೆದುಕೊಳ್ಳಲು ಜಾಗ ಇಲ್ಲ. ಆಗ ಅವರಿಗೆ ಬಂದದ್ದನ್ನೆಲ್ಲ ಎಲ್ಲ ಪೋರ್ಟಿಗೂ ಸುರಿಯುತ್ತದೆ. ಕಳ್ಳರಿಗೆ ಇದು ಗೊತ್ತಿದೆ. ಸುಳ್ಳು ‘ಯಾರಿಂದ’ ವಿಳಾಸಗಳನ್ನು ಸಾವಿರಗಟ್ಟಲೆ ಬಿಟ್ಟು ಪುಸ್ತಕ ತುಂಬಿಸಿ, ಬೇರೆಯವರ ಮಾತು ಕದ್ದು ಕೇಳುವ ಮ್ಯಾಕಾಫ್ ಅನ್ನುವ ಸಾಧನವೇ ಇದೆ. ದೊಡ್ಡ ಸ್ವಿಚ್ಚುಗಳಲ್ಲಿ ಅದಕ್ಕೆ ಬೀಗ ಇರುತ್ತದೆ, ಒಂದು ಪೋರ್ಟಿನಲ್ಲಿ ಇಷ್ಟೇ ವಿಳಾಸ ಅಂತ ಮಿತಿ ಹಾಕಬಹುದು.

ಗಲ್ಲಾಪೆಟ್ಟಿಗೆ

ಹೋಟೆಲಿನ ವೈಫೈ ಗಿರಾಕಿಗಳಿಗೂ ಕೊಟ್ಟಿದ್ದೇವೆ. ಅವರ ಮೊಬೈಲುಗಳಿಂದ ನಮ್ಮ ಪುಸ್ತಕ ತುಂಬುತ್ತದಾ?

ಡೊಂಬಿವಲಿ ಸ್ಲೋ

ಇಲ್ಲ. ಐಒಎಸ್ 14 (2020) ಮತ್ತು ಆಂಡ್ರಾಯ್ಡ್ 10 (2019) ಬಂದ ಮೇಲೆ ಮೊಬೈಲುಗಳು ವೈಫೈಗೆ ನಿಜವಾದ ಮ್ಯಾಕ್ ಕೊಡದೆ ಒಂದು ಹುಸಿ ಮ್ಯಾಕ್ ಕೊಡುತ್ತವೆ. ಹಾಗಿದ್ದರೂ ಊಟ ಮುಗಿಸಿ ಹೋದವರ ಸಾಲು ಐದು ನಿಮಿಷಕ್ಕೆ ಅಳಿಸುತ್ತದೆ. ಚೆಂಬೂರಿನ ಒಂದು ಹೋಟೆಲಿನಲ್ಲಿ ಒಟ್ಟಿಗೆ ಎರಡು ಸಾವಿರ ಜನ ಕೂತರೆ ಆಗ ನೋಡೋಣ, ಮೊದಲು ಸಾಂಬಾರು ಸಾಲುತ್ತದಾ ನೋಡಿಕೊಳ್ಳಿ. (ಮ್ಯಾಕಿನ ಎರಡನೇ ಅಂಕೆ 2, 6, ಎ ಅಥವಾ ಇ ಆಗಿದ್ದರೆ ಅದು ಸಾಮಾನ್ಯವಾಗಿ ಇಂಥ ಹುಸಿ ಮ್ಯಾಕ್, ರೌಟರಿನ ಪಟ್ಟಿಯಲ್ಲಿ ನೋಡಿ, ಮಜಾ ಇರುತ್ತದೆ.)

ಹಳೇ ಕೇಬಲ್, ಮುಲುಂಡ್

ಮಕ್ಕಳೇ, ನೀವೆಲ್ಲ ಐದು ನಿಮಿಷಕ್ಕೆ ಅಳುತ್ತೀರಿ. ನಾನು 90ರ ದಶಕದ ಮೊದಲಲ್ಲಿ ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಕೇಬಲ್ ಎಳೆಯುತ್ತಿದ್ದೆ. ಆಗ ನಮ್ಮಲ್ಲಿ ಸ್ವಿಚ್ಚೂ ಇಲ್ಲ, ಹಬ್ಬೂ ಇಲ್ಲ. ಟಿವಿ ಕೇಬಲ್ ತರಹದ ಒಂದೇ ತೆಳು ಕೇಬಲ್ ಮೇಜಿನಿಂದ ಮೇಜಿಗೆ. ಪ್ರತಿ ಕಂಪ್ಯೂಟರಿನ ಹಿಂದೆ ಟಿ ಆಕಾರದ ಒಂದು ತುಂಡು, ಎರಡು ತುದಿಗೆ 50 ಓಮ್‌ನ ಟೋಪಿ. ಒಂದು ಕೇಬಲ್ 185 ಮೀಟರ್, ಅದರ ಮೇಲೆ ಹೆಚ್ಚೆಂದರೆ 30 ಯಂತ್ರ. ಯಾರಾದರೂ ಕಸ ಗುಡಿಸುವಾಗ ಒಂದು ಟೋಪಿ ಬಿಚ್ಚಿದರೆ ಇಡೀ ಆಫೀಸು ಬಂದ್. ಯಾರು ಬಿಚ್ಚಿದ್ದು ಅಂತ ಮೇಜಿನ ಕೆಳಗೆ ಮೊಣಕಾಲೂರಿ ಹುಡುಕುವುದೇ ನನ್ನ ನೌಕರಿ.

ಅಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತಿತ್ತು. ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿ, ಇಬ್ಬರೂ ಸುಮ್ಮನಾಗಿ ಸ್ವಲ್ಪ ತಡೆದು ಮತ್ತೆ ಶುರು. 10 ಮೆಗಾಬಿಟ್ಟನ್ನು ಎಲ್ಲರೂ ಹಂಚಿಕೊಳ್ಳಬೇಕು. ಆಮೇಲೆ ಹಬ್ ಬಂತು. ಅದು ನಕ್ಷತ್ರದ ಹಾಗೆ ಕಾಣುತ್ತಿತ್ತು, ಒಳಗೆ ಅದೇ ಹಳೇ ಗದ್ದಲ. ಒಂದು ಪೋರ್ಟಿಗೆ ಬಂದದ್ದನ್ನು ಉಳಿದ ಎಲ್ಲಕ್ಕೂ ಒದರುತ್ತಿತ್ತು, ವಿಳಾಸ ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಒಂದು ಮಾತ್ರ ಹೇಳಬೇಕು. ಗಲ್ಲಾಪೆಟ್ಟಿಗೆಯವರ ಹೋಟೆಲಿನಲ್ಲಿ ಹಬ್ ಇದ್ದಿದ್ದರೆ ಈ ತೊಂದರೆ ಬರುತ್ತಲೇ ಇರಲಿಲ್ಲ. ಏನನ್ನೂ ಕಲಿಯದವನು ತಪ್ಪಾಗಿ ಹೇಗೆ ಕಲಿಯುತ್ತಾನೆ?

ವಿಳಾಸ ನೋಡಿ ಕಲಿಯುವ ಉಪಾಯ ಸ್ವಿಚ್ಚಿಗಿಂತ ಹಳೆಯದು. 80ರ ದಶಕದಲ್ಲೇ ಡಿಜಿಟಲ್ ಇಕ್ವಿಪ್‌ಮೆಂಟ್ ಅನ್ನುವ ಅಮೆರಿಕದ ಕಂಪನಿ ಬ್ರಿಡ್ಜ್ ಅನ್ನುವ ಪೆಟ್ಟಿಗೆಯಲ್ಲಿ ಇದನ್ನು ಮಾಡಿತ್ತು. ಎರಡು ಕೇಬಲ್ಲುಗಳ ನಡುವೆ ಕೂತು, ಈ ಕಡೆಯವರು ಯಾರು ಆ ಕಡೆಯವರು ಯಾರು ಅಂತ ಕೇಳಿಸಿಕೊಂಡು ಕಲಿಯುತ್ತಿತ್ತು. ಕಂಪ್ಯೂಟರುಗಳಿಗೆ ನಡುವೆ ಹೀಗೊಂದು ಪೆಟ್ಟಿಗೆ ಇದೆ ಅಂತಲೂ ಗೊತ್ತಾಗಬಾರದು, ಅವುಗಳಲ್ಲಿ ಏನನ್ನೂ ಬದಲಿಸಬಾರದು. ಅದಕ್ಕೇ ಅದು ಯಾರನ್ನೂ ಏನೂ ಕೇಳದೆ ಕಲಿಯುವುದು. 1990ರಲ್ಲಿ ಏಳು ಪೋರ್ಟಿನ ಪೆಟ್ಟಿಗೆ ಬಂತು, ಈಥರ್‌ಸ್ವಿಚ್ ಅಂತ. ಕಂಪನಿಯ ಹೆಸರು ಏನು ಗೊತ್ತಾ? ಕಲ್ಪನಾ! ಭಾರತ ಮೂಲದ ವಿನೋದ್ ಭಾರದ್ವಾಜ್ ಕಟ್ಟಿದವರಲ್ಲೊಬ್ಬರು, ಹೆಂಡತಿಯ ಹೆಸರು ಇಟ್ಟಿದ್ದರು. ನಾನು ಮೊದಲ ಸಲ ಕೇಳಿದಾಗ ನಮ್ಮ ಮಿನುಗುತಾರೆ ನೆನಪಾಗಿ ನಕ್ಕಿದ್ದೆ. ‘ಯಾರಿಗೆ’ ಅನ್ನುವ 6 ಬೈಟು ಓದಿದ ಕೂಡಲೇ, ಉಳಿದ ಫ್ರೇಮ್ ಇನ್ನೂ ಬರುತ್ತಿರುವಾಗಲೇ ಆಚೆ ಕಡೆ ಕಳಿಸಲು ಶುರು ಮಾಡುತ್ತಿತ್ತು ಅದು. 1994ರಲ್ಲಿ ನೆಟ್‌ವರ್ಕ್ ಯಂತ್ರ ಮಾಡುವ ಸಿಸ್ಕೊ ಆ ಕಂಪನಿಯನ್ನು ಕೊಂಡಿತು.

ಮಡಗಾಂವ್ ಮಳೆ

ಹಳೇ ಕೇಬಲ್ ಮಾಮ, ನೀವು ಬಂದರೆ ಚರ್ಚೆಗೆ ಕಳೆ.

ಪಿಂಗಿನ ವಿಷಯದಲ್ಲಿ ಮುಖಭಂಗ ಆಯಿತು, ಆದರೆ ಇದೇ ಪುಸ್ತಕ ಹುಚ್ಚು ಹಿಡಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ಕೆಲಸ ಮಾಡುವ ರೆಸಾರ್ಟಿನಲ್ಲಿ ಡಿಸೆಂಬರ್ ಕೊನೆಯ ವಾರ, ಒಂದು ರೂಮೂ ಖಾಲಿ ಇಲ್ಲ. ಒಂದು ರೂಮಿನ ಐಪಿ ಫೋನಿನ ಹಿಂದೆ ಎರಡು ಸಾಕೆಟ್ ಇರುತ್ತವೆ, ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರಿಗೆ. ಸ್ವಚ್ಛ ಮಾಡುವಾಗ ಯಾರೋ ಬಿಚ್ಚಿದ ವೈರನ್ನು ಅಚ್ಚುಕಟ್ಟಾಗಿರಲಿ ಅಂತ ಎರಡನ್ನೂ ಗೋಡೆಗೇ ಚುಚ್ಚಿದ್ದಾರೆ. ಪಾಪ, ಅವರದೇನೂ ತಪ್ಪಿಲ್ಲ, ಎರಡು ತೂತು ಇತ್ತು, ಎರಡು ವೈರು ಇತ್ತು.

ಹತ್ತು ಸೆಕೆಂಡಿನಲ್ಲಿ ಇಡೀ ರೆಸಾರ್ಟ್ ಮಲಗಿತು. ಎಲ್ಲ ಸ್ವಿಚ್ಚುಗಳ ಎಲ್ಲ ದೀಪಗಳೂ ಒಟ್ಟಿಗೆ ಪಟಪಟ. ಏನಾಗುತ್ತದೆ ಅಂದರೆ, ಎಲ್ಲರಿಗೂ ಅಂತ ಕೂಗಿದ ಒಂದು ಫ್ರೇಮ್ ಸುತ್ತು ಹೊಡೆದು ವಾಪಸ್ ಬರುತ್ತದೆ, ಮತ್ತೆ ಎಲ್ಲ ಕಡೆ ಹೋಗುತ್ತದೆ, ಮತ್ತೆ ಬರುತ್ತದೆ. ಐಪಿ ಪ್ಯಾಕೆಟಿನಲ್ಲಿ ಇಷ್ಟು ಸಲ ದಾಟಿದರೆ ಸಾಯಿ ಅಂತ ಒಂದು ಎಣಿಕೆ ಇದೆ. ಈಥರ್ನೆಟ್ (ನಮ್ಮ ಈ ವೈರಿನ ನೆಟ್‌ವರ್ಕ್) ಫ್ರೇಮಿಗೆ ಆ ಸಾವೇ ಇಲ್ಲ, ಸುತ್ತುತ್ತಲೇ ಇರುತ್ತದೆ. ಈ ನಡುವೆ ಪುಸ್ತಕದ ಗತಿ ನೋಡಿ. ರಿಸೆಪ್ಷನ್ ಕಂಪ್ಯೂಟರಿನ ಫ್ರೇಮ್ ಒಮ್ಮೆ ಅದರದೇ ಪೋರ್ಟಿನಿಂದ ಬಂತು, ಮರುಕ್ಷಣ ಅದೇ ಫ್ರೇಮ್ ಸುತ್ತು ಹಾಕಿ ಬೇರೆ ಪೋರ್ಟಿನಿಂದ ಬಂತು. ಸ್ವಿಚ್ ಪ್ರತಿ ಸಲ ನಂಬುತ್ತದೆ, ತಿದ್ದುತ್ತದೆ. ಆ ಕಂಪ್ಯೂಟರಿಗೆ ಬರಬೇಕಾದ್ದು ಕಾರಿಡಾರಿನ ಕಡೆ ಓಡುತ್ತದೆ.

ಇದನ್ನು ತಡೆಯಲು ಸ್ಪಾನಿಂಗ್ ಟ್ರೀ ಅಂತ ಇದೆ. ರೇಡಿಯಾ ಪರ್ಲ್‌ಮನ್ ಅನ್ನುವವರು 1985ರಲ್ಲಿ ಬರೆದದ್ದು, ಮಾಮ ಹೇಳಿದ ಅದೇ ಡಿಜಿಟಲ್ ಕಂಪನಿಯಲ್ಲಿ. ಸ್ವಿಚ್ಚುಗಳು ಒಂದಕ್ಕೊಂದು ಮಾತಾಡಿಕೊಂಡು, ಸುತ್ತು ಆಗುವ ಕಡೆ ಒಂದು ಪೋರ್ಟಿನ ಬಾಯಿ ಮುಚ್ಚುತ್ತವೆ. 1990ರ 802.1ಡಿ ಮಾನದಂಡದಲ್ಲಿ ಸೇರಿತು. ನಮ್ಮ ಸ್ವಿಚ್ಚುಗಳಲ್ಲೂ ಇತ್ತು. ಆನ್ ಮಾಡಿರಲಿಲ್ಲ ಅಷ್ಟೇ. ಯಾರು ಆನ್ ಮಾಡಿರಲಿಲ್ಲ ಅಂತ ಕೇಳಬೇಡಿ.

ಹಿಂಜವಡಿ ಹೈದ

ನಮ್ಮದು ಪುಣೆಯಲ್ಲಿ ಡೇಟಾ ಸೆಂಟರ್ ಕೆಲಸ ನೋಡ್ರಿ. ಗಲ್ಲಾಪೆಟ್ಟಿಗೆಯವರ ಪ್ರಿಂಟರ್ ಕಥೆ ನಮ್ಮಲ್ಲಿ ದಿನಾ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಅಷ್ಟೇ. ಒಂದು ವರ್ಚುವಲ್ ಯಂತ್ರ (ಸರ್ವರಿನೊಳಗೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರ್) ಓಡುತ್ತಿರುವಾಗಲೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಅದರ ಮ್ಯಾಕ್ ಅದೇ, ಪೋರ್ಟು ಬೇರೆ. ಒಳಗಿನ ಯಂತ್ರಕ್ಕೆ ತಾನು ಜಾಗ ಬದಲಿಸಿದ್ದು ಗೊತ್ತೇ ಇಲ್ಲ, ಹಾಗಾಗಿ ತಾನಾಗಿ ಕೂಗುವುದೂ ಇಲ್ಲ. ಅದಕ್ಕೆ ಇಂಥ ಯಂತ್ರಗಳನ್ನು ಓಡಿಸುವ ವಿಎಂವೇರ್‌ನಂಥ ಸಾಫ್ಟ್‌ವೇರುಗಳು ಒಂದು ಉಪಾಯ ಮಾಡುತ್ತವೆ. ಜಿಗಿದ ಕೂಡಲೇ ಹೊಸ ಸರ್ವರ್, ಆ ಯಂತ್ರದ ಮ್ಯಾಕನ್ನು ‘ಯಾರಿಂದ’ ಜಾಗದಲ್ಲಿ ಹಾಕಿ, ಅದರ ಪರವಾಗಿ ತಾನೇ ಒಂದು ಫ್ರೇಮ್ ಕೂಗುತ್ತದೆ. ಆ ಫ್ರೇಮಿನಲ್ಲಿ ಯಾರಿಗೂ ಹೇಳುವ ಸುದ್ದಿ ಇಲ್ಲ. ಸ್ವಿಚ್ಚುಗಳು ‘ಯಾರಿಂದ’ ಓದಿಕೊಳ್ಳಲಿ ಅಂತ ಮಾತ್ರ ಅದು.

ಇನ್ನೊಂದು ಹೇಳಿ ಮುಗಿಸುತ್ತೇನೆ, ಇದು ನನ್ನ ಎರಡು ರಾತ್ರಿ ತಿಂದದ್ದು. ಸಿಸ್ಕೊ ರೌಟರಿನಲ್ಲಿ ಆರ್ಪ್ ನೆನಪು 4 ಗಂಟೆ, ಸ್ವಿಚ್ಚಿನ ಮ್ಯಾಕ್ ನೆನಪು 5 ನಿಮಿಷ. ಒಂದು ಸರ್ವರಿಗೆ ಹೋಗುವ ದಾರಿ ಒಂದು, ಅದರಿಂದ ಬರುವ ದಾರಿ ಇನ್ನೊಂದು ಆಗಿದ್ದರೆ, ಹೋಗುವ ದಾರಿಯ ಸ್ವಿಚ್ಚಿಗೆ ಆ ಸರ್ವರಿನ ಮಾತು ಕೇಳಿಸುವುದೇ ಇಲ್ಲ. 5 ನಿಮಿಷಕ್ಕೆ ಮರೆಯುತ್ತದೆ. ರೌಟರಿಗೆ ಮಾತ್ರ ಮ್ಯಾಕ್ ನೆನಪಿದೆ, ಅದು ಕೇಳದೆ ಕಳಿಸುತ್ತಲೇ ಇರುತ್ತದೆ. ಆಗ ಆ ಸರ್ವರಿನ ಬ್ಯಾಕಪ್ ಪೂರ್ತಿ ಎಲ್ಲ ಪೋರ್ಟಿಗೂ ಸುರಿಯುತ್ತದೆ. ನಿಮ್ಮ ಸ್ಟಾಟಿಕ್ ಸಾಲಿನ ಅಣ್ಣನೇ ಇದು. ಒಬ್ಬನಿಗೆ ನೆನಪು ಜಾಸ್ತಿ, ಇನ್ನೊಬ್ಬನಿಗೆ ಮರೆವು ಜಾಸ್ತಿ. ಎರಡೂ ಗಡಿಯಾರ ಹೊಂದಿಸಿದೆವು, ನಿಂತಿತು.

ಸುಮ್ನೆ ಓದುವವಳು

ಗಲ್ಲಾಪೆಟ್ಟಿಗೆಯವರೇ, ಆ ಬ್ಯಾಚ್ ಫೈಲ್ ತೆಗೆದಿರಾ? ಆದರೆ ಅದನ್ನು ಹಾಕಿದ್ದಕ್ಕೆ ಒಂದು ಕಾರಣ ಇತ್ತಲ್ಲ. ಐಪಿ ಇಬ್ಬರಿಗೆ ಹೋಗಿತ್ತು ಅಂತ. ಅದನ್ನು ಸರಿ ಮಾಡದೆ ತೆಗೆದರೆ ಹಳೇ ರೋಗ ವಾಪಸ್ ಬರುತ್ತದೆ.

ಡೊಂಬಿವಲಿ ಸ್ಲೋ

ಸರಿಯಾದ ಮಾತು. ರೌಟರಿನಲ್ಲಿ ಮೊಬೈಲುಗಳಿಗೆ ಹಂಚುವ ಐಪಿ ಸಾಲಿನ ಕೊನೆಯ ನಂಬರ್ 100ರಿಂದ ಶುರುವಾಗಲಿ, ಪ್ರಿಂಟರಿಗೆ ಕೊನೆಯದು 20 ಅಂತ ಕೊಡಿ. ಆಗ ಡಿಕ್ಕಿ ಇಲ್ಲ. ಆಮೇಲೆ ಬ್ಯಾಚ್ ಫೈಲ್ ತೆಗೆದು ಕಂಪ್ಯೂಟರ್ ಒಮ್ಮೆ ಆರಿಸಿ. ಸ್ಟಾಟಿಕ್ ಸಾಲು ಹೋಗಿದೆಯಾ ಅಂತ ಪಟ್ಟಿ ನೋಡಿ.

ಗಲ್ಲಾಪೆಟ್ಟಿಗೆ

ಎಲ್ಲ ಮಾಡಿದೆ. ಪ್ರಿಂಟರಿಗೆ 20 ಕೊಟ್ಟೆ, ಬಿಲ್ಲಿಂಗಿನಲ್ಲೂ ಬದಲಿಸಿದೆ, ಫೈಲ್ ಅಳಿಸಿದೆ. ಪಟ್ಟಿಯಲ್ಲಿ ಈಗ ಡೈನಾಮಿಕ್ ಅಂತ ಬರುತ್ತದೆ.

ಭಾನುವಾರ ರಾತ್ರಿ ಎಂಟೂವರೆಗೆ, ಭಟ್ಟರಿಗೆ ಮೊದಲೇ ಹೇಳಿ, ಬೇಕಂತಲೇ ಪ್ರಿಂಟರ್ ಕಿತ್ತು ಮೇಲೆ ಹಾಕಿದೆ. ಮಾಣಿಯನ್ನು ಮೇಲೆ ನಿಲ್ಲಿಸಿ ನಾನು ಗಲ್ಲಾದಿಂದ ಎರಡು ನೀರುದೋಸೆ ಒತ್ತಿದೆ. ಕೆಲವು ಸೆಕೆಂಡು ಏನೂ ಇಲ್ಲ. ಎದೆ ಡವಡವ. ಆಮೇಲೆ ಮೇಲಿನಿಂದ ‘ಬಂತು ಅಣ್ಣಾ’ ಅಂತ ಕೂಗಿದ. ಎರಡನೇ ಚೀಟಿಯಿಂದ ತಡವೇ ಇಲ್ಲ.

ಆ ಕೆಲವು ಸೆಕೆಂಡು ಏನು?

ಸುಮ್ನೆ ಓದುವವಳು

ಕಂಪ್ಯೂಟರ್ ಹಳೇ ಮ್ಯಾಕಿಗೆ ಮೆಲ್ಲಗೆ ಕೇಳಿ, ಉತ್ತರ ಸಿಗದೆ, ಆಮೇಲೆ ಊರಿಗೆಲ್ಲ ಕೂಗಿದ್ದು.

ಠಾಣೆ ಠಾಣೆ

ಆ ಎರಡು ನೀರುದೋಸೆ ಯಾರು ತಿಂದರು?

ಗಲ್ಲಾಪೆಟ್ಟಿಗೆ

ಮಾಣಿ. ಮೇಸ್ತ್ರಿ ನಾಳೆ ಬರುತ್ತಾನಂತೆ, ಪ್ರಿಂಟರ್ ಸದ್ಯಕ್ಕೆ ಮೇಲೆಯೇ ಇರಲಿ.